ಬೆಂಕಿಪೆಟ್ಟಿಗೆಯಲ್ಲಿ ಅಚ್ಚಾದ ಸಾರು

ಮೊನ್ನೆ ಮದರಾಸಿನ ಅಣ್ಣಾ ನಗರದ ದೊಡ್ಡ ಅಂಗಡಿಯೊಂದರಲ್ಲಿ ಉಪ್ಪು ಹುಡುಕುತ್ತ ಹೊರಟವಳು ತಪ್ಪು ಸಾಲಿಗೆ ನುಗ್ಗಿ, ಅಲ್ಲಿ ಕಂಡದ್ದನ್ನು ನೋಡಿ ನಿಂತೇಬಿಟ್ಟೆ. ಅಂಗೈಯಲ್ಲಿ ಅಡಗುವಷ್ಟು ಸಣ್ಣ ಪೊಟ್ಟಣ. ಮೇಲೆ ಇಂಗ್ಲಿಷಿನಲ್ಲಿ ‘ವೆಜಿಟಬಲ್ ಸ್ಟಾಕ್ ಕ್ಯೂಬ್’ ಎಂದು ಬರೆದಿದೆ. ಮೂಲೆಯಲ್ಲಿ ಸಸ್ಯಾಹಾರದ ಹಸಿರು ಚುಕ್ಕಿ. ಪಕ್ಕದಲ್ಲಿದ್ದ ಸಮವಸ್ತ್ರದ ಹುಡುಗಿ “ಪುದು ಐಟಂ ಮಾ, ಸುಡುತಣ್ಣಿಲೆ ಪೋಟ್ಟಾ ಪೋದುಂ” ಎಂದಳು. ಹೊಸದಂತೆ! ಬಿಸಿನೀರಿಗೆ ಹಾಕಿದರೆ ಸಾಕಂತೆ! ನನಗೆ ರೇಗಿಹೋಯಿತು. ಇದೇನೂ ಹೊಸದಲ್ಲ, ನಮ್ಮಮ್ಮ ಅರವತ್ತು ವರ್ಷದ ಹಿಂದೆಯೇ ವೆಸ್ಟ್ ಮಾಂಬಲದಲ್ಲಿ ಮಾಡಿ ಮುಗಿಸಿದ್ದು ಎಂದು ಅವಳಿಗೆ ತಮಿಳಿನಲ್ಲೇ ಹೇಳಿದೆ. ಮುದುಕಿಯರಿಗೆಂದೇ ಇಟ್ಟುಕೊಂಡಿದ್ದ ಒಂದು ನಗೆ ನಕ್ಕು ಅವಳು ಬಿಸ್ಕತ್ತಿನ ಕಡೆ ಹೋದಳು. ಅವಳು ಕೇಳದಿದ್ದರೆ ಬೇಡ, ನೀವು ಕೇಳಿ. ಹೇಳದೆ ನಾನು ಬಿಡುವವಳಲ್ಲ.

ಮೊದಲು ಹೆಸರಿನ ವಿಚಾರ. ಇದಕ್ಕೆ ಅಮೆರಿಕದವರು ಬೇರೇನೋ ಹೇಳುತ್ತಾರಂತೆ. ನನ್ನ ಮೊಮ್ಮಗಳು ಆ ಪದವನ್ನು ತುಟಿ ಮುಂದೆ ಮಾಡಿ ಹೇಳುವಾಗ ಬಿಸಿ ಕಾಫಿ ಊದುತ್ತಿದ್ದಾಳೇನೋ ಅನ್ನಿಸುತ್ತದೆ. ‘ಸ್ಟಾಕ್ ಕ್ಯೂಬ್’ ಎನ್ನುವುದು ಇಂಗ್ಲೆಂಡಿನವರ ಮಾತು. ಅಲ್ಲಿಯೂ ಎಷ್ಟೋ ಮನೆಗಳಲ್ಲಿ ಮಾಡುವ ಕಂಪನಿಯ ಹೆಸರನ್ನೇ ಪದಾರ್ಥಕ್ಕೂ ಇಟ್ಟುಬಿಟ್ಟಿದ್ದಾರಂತೆ, ನಾವು ವನಸ್ಪತಿಗೆ ಡಬ್ಬದ ಮೇಲಿನ ಹೆಸರು ಹೇಳುವ ಹಾಗೆ. ನಮ್ಮ ಮನೆಗೆ ಆ ಮಾತು ಬಂದದ್ದು ಗೂಡ್ಸ್ ಗಾಡಿಯಲ್ಲಿ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಎರಡು ಜಡೆ ಹಾಕಿಕೊಂಡು, ಗೊತ್ತಿಲ್ಲದ್ದು ಯಾವುದೂ ಇಲ್ಲವೆಂಬ ಧೈರ್ಯದಲ್ಲಿ ಓಡಾಡುತ್ತಿದ್ದ ಕಾಲ. ಜಡೆ ಹೋಯಿತು, ಧೈರ್ಯ ಇನ್ನೂ ಇದೆ.

ಅಪ್ಪ ಗೂಡ್ಸ್ ಗಾಡಿಯ ಗಾರ್ಡು. ಮದರಾಸಿನಿಂದ ವಿಲ್ಲುಪುರಂ ಕಡೆಗೆ ಹೋಗಿಬರುವ ಕೆಲಸ. ಹೋಗುವ ಹೊತ್ತು ಹೇಳಬಹುದಿತ್ತು, ಬರುವ ಹೊತ್ತನ್ನು ಬ್ರಹ್ಮನೂ ಹೇಳಲಾರ. ಪ್ಯಾಸೆಂಜರಿಗೆ ದಾರಿ ಬಿಡಬೇಕು, ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಬೇಕು. ಹೆಸರೂ ಗೊತ್ತಿಲ್ಲದ ಸ್ಟೇಷನ್ನುಗಳ ಪಕ್ಕದ ಹಳಿಯಲ್ಲಿ ಗಂಟೆಗಟ್ಟಲೆ ನಿಂತಿರಬೇಕು. ಅಪ್ಪನಿಗೆ ಅದೇ ಇಷ್ಟ. ಗಾಡಿಯ ಕೊನೆಯಲ್ಲಿ ಗಾರ್ಡಿನ ಡಬ್ಬಿ, ಅದಕ್ಕೊಂದು ಪುಟ್ಟ ಜಗಲಿ. ಅಲ್ಲಿ ನಿಂತು ಹಳಿಗಳು ಹಿಂದಕ್ಕೆ ಓಡುವುದನ್ನು ನೋಡುತ್ತಿದ್ದರೆ ತಾವು ಮಹಾರಾಜರೆಂಬ ಭಾವ ಅವರಿಗೆ. ಅವರಿಗೆ ಕುರ್ಚಿ ಎಂದರೆ ಆಗದು. ಮನೆಯಲ್ಲೂ ಕಾಫಿಯನ್ನು ನಿಂತೇ ಕುಡಿಯುತ್ತಿದ್ದರು.

ಹೀಗೆ ಹೊತ್ತಿಗೆ ಸರಿಯಾಗಿ ಉಣ್ಣದೆ, ಹಸಿವಾದಾಗ ಸ್ಟೇಷನ್ನಿನ ಮೆಣಸಿನಕಾಯಿ ಬಜ್ಜಿ ತಿಂದು ತಿಂದು ಅಪ್ಪನಿಗೆ ಹೊಟ್ಟೆಹುಣ್ಣಾಯಿತು. ಎರಡು ಸಲ ನೋವು ತಾಳಲಾರದೆ ದಾರಿಯಲ್ಲೇ ಬಿದ್ದುಕೊಂಡರು. ರೈಲ್ವೆ ಡಾಕ್ಟರು ಖಂಡಿತವಾಗಿ ಹೇಳಿದರು: ಖಾರ ಕೂಡದು, ಹೊಟ್ಟೆ ಖಾಲಿ ಬಿಡಕೂಡದು, ಆಗಾಗ ಬಿಸಿಯಾಗಿ ಮೆತ್ತಗೆ ಏನಾದರೂ ಒಳಗೆ ಹೋಗುತ್ತಿರಬೇಕು. ಪೊಂಗಲ್ ಹಬ್ಬ ಕಳೆದ ಮೇಲೆ ಮತ್ತೆ ಪರೀಕ್ಷೆ. ಅಷ್ಟರಲ್ಲಿ ಇನ್ನೊಂದು ಸಲ ಹಾಗೆ ಬಿದ್ದುಕೊಂಡರೆ ಗಾಡಿಯ ಮೇಲಿನ ಲೈನ್ ಡ್ಯೂಟಿ ಮರೆತು ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂರುವುದು. ಗೂಡ್ಸ್ ಗಾಡಿಯಲ್ಲಿ ಆಗಾಗ ಬಿಸಿಬಿಸಿ ಎಲ್ಲಿಂದ ತರುವುದು ಎಂಬುದನ್ನು ಡಾಕ್ಟರು ಹೇಳಲಿಲ್ಲ.

ಅಂದು ಅಪ್ಪ ಊಟ ಮಾಡಲಿಲ್ಲ. ಕೆಂಪು ಬಾವುಟ, ಹಸಿರು ಬಾವುಟಗಳನ್ನು ತಾವೇ ಒಗೆದು ಹಗ್ಗದ ಮೇಲೆ ಹರವಿ, ಅವು ಒಣಗುವುದನ್ನು ನೋಡುತ್ತ ಹಿತ್ತಿಲಲ್ಲಿ ನಿಂತಿದ್ದರು. ನಮಗೆ ಬೆನ್ನು ಮಾಡಿ ನಿಂತಿದ್ದರೂ ಅವರು ಅಳುತ್ತಿದ್ದಾರೆಂದು ನನಗೆ ತಿಳಿಯಿತು. ಅಮ್ಮ ಒಳಗಿನಿಂದ ಬಂದವಳು ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ.

“ರೀ, ಲೈನು ನೀವು ನೋಡ್ಕೊಳ್ಳಿ. ಹೊಟ್ಟೆ ನನಗೆ ಬಿಡಿ,” ಎಂದಳು.

ಅಮ್ಮನ ಹಟ ಎಂಥದೆಂದು ತಿಳಿಯಬೇಕಾದರೆ ನೀವು ಅವಳ ಜೊತೆ ತರಕಾರಿ ಕೊಳ್ಳಲು ಹೋಗಬೇಕಿತ್ತು. ಸಾಧಿಸಿದರೆ ಸಬಳ ನುಂಗಬಹುದು ಎಂಬ ಗಾದೆಯನ್ನು ಅವಳು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು, ಹೆಚ್ಚಾಗಿ ನನ್ನ ಲೆಕ್ಕದ ಮಾರ್ಕು ನೋಡಿದಾಗ. ಮೊದಲು ಮೊಸರನ್ನದ ಬುತ್ತಿ ಕಟ್ಟಿದಳು. ಮದರಾಸಿನ ಬಿಸಿಲಿಗೆ ಚೆಂಗಲ್ಪಟ್ಟು ದಾಟುವುದರೊಳಗೆ ಅದು ಹುಳಿಯಾಗುತ್ತಿತ್ತು. ಆಮೇಲೆ ಬಿಸಿ ಗಂಜಿ ತುಂಬಿ ಕೊಡಲು ಒಂದು ಫ್ಲಾಸ್ಕು ಬಂತು. ಗೂಡ್ಸ್ ಗಾಡಿ ಹೊರಡುವಾಗ ಮುಂದಿನ ಡಬ್ಬಿಯಿಂದ ಶುರುವಾದ ಜಗ್ಗು ಕೊನೆಯ ಡಬ್ಬಿಗೆ ಬರುವಷ್ಟರಲ್ಲಿ ಒದೆಯಾಗಿರುತ್ತದೆ. ಫ್ಲಾಸ್ಕಿನ ಒಳಗಿನ ಗಾಜು ಮೊದಲ ಒದೆಗೇ ಪುಡಿಪುಡಿಯಾಯಿತು.

ಆಗ ಬಂದದ್ದು ಡೆನಿಸನ ಕ್ಯೂಬು. ಡೆನಿಸ್ ಅಪ್ಪನ ಗಾಡಿಯ ಡ್ರೈವರು, ಪೆರಂಬೂರಿನ ಆಂಗ್ಲೋ ಇಂಡಿಯನ್. ಅವನ ಅಕ್ಕ ಇಂಗ್ಲೆಂಡಿನಿಂದ ತಗಡಿನ ಡಬ್ಬಿಯಲ್ಲಿ ಆ ಕ್ಯೂಬುಗಳನ್ನು ಕಳಿಸುತ್ತಿದ್ದಳು. ಗಾಡಿ ನಿಂತಾಗ ಉಗಿ ಎಂಜಿನ್ನಿನಿಂದ ಕುದಿನೀರು ಹಿಡಿದು, ಒಂದು ಕ್ಯೂಬು ಕದಡಿ ಡೆನಿಸ್ ಸೊರ್ರೆಂದು ಕುಡಿಯುತ್ತಿದ್ದನಂತೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಿಂತಿದ್ದನ್ನು ನೋಡಿ, “ಇದನ್ನು ಕುಡಿ, ಮೂರ್ತಿ” ಎಂದು ಒಂದನ್ನು ಕೈಗಿಟ್ಟ. ಕನಿಕರದಿಂದ ಕೊಟ್ಟದ್ದನ್ನು ಬೇಡವೆನ್ನಲಾರದೆ ಅಪ್ಪ ಜೇಬಿಗೆ ಹಾಕಿಕೊಂಡು ಮನೆಗೆ ತಂದರು.

“ಏನ್ರೀ ಇದು, ಚಾಕಲೇಟೇ?” ಎಂದು ಅಮ್ಮ ಕೈ ಚಾಚಿದಳು.

“ಮುಟ್ಬೇಡ ಕಣೆ. ಸ್ಟಾಕ್ ಕ್ಯೂಬ್ ಅಂತೆ. ಮಾಂಸದ್ದು.”

ಚಾಚಿದ ಕೈ ಹಿಂದಕ್ಕೆ ಹೋಯಿತು. ಯಾವ ಮಾಂಸವೆಂದು ಅಮ್ಮ ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಎಸೆಯಲು ಅಪ್ಪನಿಗೆ ಮನಸ್ಸಿಲ್ಲ, ಒಳಗೆ ಬಿಟ್ಟುಕೊಳ್ಳಲು ಅಮ್ಮನಿಗೆ ಮನಸ್ಸಿಲ್ಲ. ಕೊನೆಗೆ ಹೊರಬಾಗಿಲ ಪಕ್ಕ ಚಪ್ಪಲಿ ಬಿಡುವ ಗೂಡಿನಲ್ಲಿ ಅದನ್ನಿಟ್ಟು, ಮೇಲೊಂದು ಕರಟ ಕವುಚಿದ್ದಾಯಿತು. ಚಪ್ಪಲಿ ಹಾಕಿಕೊಳ್ಳುವಾಗಲೆಲ್ಲ ನಾನು ಕರಟ ಎತ್ತಿ ನೋಡುತ್ತಿದ್ದೆ.

ಮರುದಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರನ್ನು ‘ಸ್ಟಾಕ್’ ಎಂದರೇನೆಂದು ಕೇಳಿದೆ. ರೇಷನ್ ಅಂಗಡಿಯ ‘ನೋ ಸ್ಟಾಕ್’ ಹಲಗೆಯೊಂದೇ ಗೊತ್ತಿದ್ದ ನನಗೆ ಅವರು ಹೇಳಿದ್ದು ವಿಚಿತ್ರವಾಗಿತ್ತು. ಇಂಗ್ಲಿಷರು ಮೂಳೆಯನ್ನೋ ತರಕಾರಿಯನ್ನೋ ನೀರಿನಲ್ಲಿ ಬಹಳ ಹೊತ್ತು ಬೇಯಿಸಿ, ಸೋಸಿ, ಸಾರ ಇಳಿದ ಆ ನೀರನ್ನು ಇಟ್ಟುಕೊಳ್ಳುತ್ತಾರೆ, ಅದರಿಂದ ಮುಂದಿನ ಅಡಿಗೆ ಮಾಡುತ್ತಾರೆ ಎಂದರು. ಮನೆಗೆ ಬಂದು ಅದನ್ನು ದೊಡ್ಡ ಪಾಂಡಿತ್ಯದಿಂದ ಒಪ್ಪಿಸಿದೆ. ಅಮ್ಮ ಸ್ವಲ್ಪವೂ ಬೆರಗಾಗಲಿಲ್ಲ.

“ಅಂದ್ರೆ ಕಟ್ಟು ತಾನೆ? ಹೋಳಿಗೆ ದಿನ ಬೇಳೆ ಬೇಯ್ಸಿ ಬಸಿಯಲ್ವೆ, ಅದೇ. ಅವರು ಮೂಳೆ ಕಟ್ಟು ತೆಗೀತಾರೆ, ನಾವು ಬೇಳೆ ಕಟ್ಟು ತೆಗೀತೀವಿ. ಕಟ್ಟನ್ನ ಕಲ್ಲು ಮಾಡೋದು ಅವರಿಗೆ ಬಂದ್ರೆ ನಮಗೆ ಬರಲ್ವೆ?”

ಶುರುವಾಯಿತು ನೋಡಿ. ಹೆಸರುಬೇಳೆಯ ಕಟ್ಟು, ಜೀರಿಗೆ, ಒಣಶುಂಠಿ, ಹುಣಸೆಹಣ್ಣಿನ ಬದಲು ಒಣಗಿಸಿದ ನೆಲ್ಲಿಕಾಯಿ. ಇಷ್ಟನ್ನು ಕುದಿಸಿ ಕುದಿಸಿ ಬತ್ತಿಸಿದರೆ ಕೊನೆಗೆ ಉಳಿಯುವುದೇ ಕ್ಯೂಬು ಎಂಬುದು ಅಮ್ಮನ ಸಿದ್ಧಾಂತ. ಸಾರಿನ ಸಾರ ಇಳಿಯುವುದು ಈಯದ, ಅಂದರೆ ತವರದ, ಚೊಂಬಿನಲ್ಲೇ ಎಂದು ಪಕ್ಕದ ಮನೆಯ ಪಟ್ಟು ಮಾಮಿ ಹೇಳಿದ್ದರಿಂದ, ಮಾಮಿಯ ಚೊಂಬನ್ನೇ ಕೇಳಿ ತಂದಳು. ಅದು ತಂಜಾವೂರಿನಲ್ಲಿ ಮಾಮಿಯ ಮದುವೆಗೆ ಅವರ ತಾಯಿ ಕೊಟ್ಟದ್ದು. ಈಯದ ಚೊಂಬನ್ನು ಕಂಡವರಿಗೆಲ್ಲ ಒಂದು ವಿಷಯ ಗೊತ್ತು: ಒಳಗೆ ನೀರಿರುವ ತನಕ ಅದು ಪಾತ್ರೆ, ನೀರು ಆರಿತೋ ಬೆಂಕಿಗೆ ಕರಗಿ ನೀರಾಗುತ್ತದೆ. ಅಮ್ಮನಿಗೂ ಗೊತ್ತಿತ್ತು. ಆದರೆ ನೀರನ್ನು ಆರಿಸುವುದೇ ಗುರಿಯಾಗಿ ಕೂತವಳಿಗೆ ಅದು ನೆನಪಾಗುವುದು ಹೇಗೆ? ಮಧ್ಯಾಹ್ನ ಒಲೆಯ ಮುಂದೆ ಕೂತಿದ್ದ ಹಾಗೆಯೇ ಚೊಂಬಿನ ಬುಡ ಮೆಲ್ಲಗೆ ಕುಸಿದು, ಇದ್ದಿಲಿನ ನಡುವೆ ಬೆಳ್ಳಗೆ ಹರಿಯತೊಡಗಿತು.

ಅಮ್ಮನ ಕೂಗು ಕೇಳಿ ಬಂದ ಮಾಮಿ ಹೊಸ್ತಿಲಲ್ಲೇ ಕೂತುಬಿಟ್ಟರು. “ಅಯ್ಯಯ್ಯೋ, ಎನ್ ಅಮ್ಮಾ ಕುಡುತ್ತ ಸೊಂಬುಡೀ!” ಎಂದು ತಾಯಿಯನ್ನು ನೆನೆದು ಅತ್ತರು. ಅಮ್ಮ ತನ್ನ ಕಂಚಿನ ಪಾತ್ರೆ ತಂದು ಅವರ ಮುಂದಿಟ್ಟು ಕೈಮುಗಿದಳು. ಮಾಮಿ ಮೂಗೊರೆಸಿಕೊಂಡು ಆ ಪಾತ್ರೆಯನ್ನು ಪಕ್ಕಕ್ಕೆ ತಳ್ಳಿ, ಒಲೆಯ ಕಡೆ ಬಗ್ಗಿ ನೋಡಿ, “ಸೊಂಬು ಪೋಚ್ಚು. ರಸಮಾವದು ವಂದುದಾ?” ಎಂದು ಕೇಳಿದರು. ಚೊಂಬು ಹೋದರೆ ಹೋಯಿತು, ಸಾರಾದರೂ ಬಂತೋ? ಬಂದಿರಲಿಲ್ಲ. ಈಯದ ಮುದ್ದೆಯನ್ನು ಆರಿಸಿ ಪಾತ್ರೆಯಂಗಡಿಗೆ ಕೊಟ್ಟು ಮಾಮಿ ಮತ್ತೆ ಚೊಂಬು ಮಾಡಿಸಿಕೊಂಡರು. ಅಂದಿನಿಂದ ಅವರೂ ಈ ಕೆಲಸದಲ್ಲಿ ಪಾಲುದಾರರು, ಇಷ್ಟು ಕಳೆದುಕೊಂಡ ಮೇಲೆ ಬಿಡುವುದುಂಟೇ ಎಂಬ ಲೆಕ್ಕದಲ್ಲಿ.

ಎರಡನೆಯ ಸಲ ಸಂಡಿಗೆಯಂತೆ ತಾರಸಿಯ ಮೇಲೆ ಒಣಗಿಸಿದರು. ಅವು ಕಲ್ಲಾದವು, ಆದರೆ ಕಲ್ಲಾಗಿಯೇ ಉಳಿದವು. ಎಂಜಿನ್ನಿನ ಕುದಿನೀರಿಗೂ ಜಗ್ಗಲಿಲ್ಲ. ಅಪ್ಪ ಒಂದನ್ನು ಪೆಪ್ಪರ್‌ಮೆಂಟಿನಂತೆ ಕೆನ್ನೆಯಲ್ಲಿಟ್ಟುಕೊಂಡು ವಿಲ್ಲುಪುರಂವರೆಗೆ ಹೋಗಿ ಹಾಗೇ ವಾಪಸು ತಂದರು. ಮೂರನೆಯ ಸಲ ಬೆಲ್ಲದ ಪಾಕದಲ್ಲಿ ಕಟ್ಟಿದರು. ಸಮುದ್ರದ ಗಾಳಿಗೆ ಬೆಲ್ಲ ಬೆವೆತು, ಕರಗಿ, ಅಪ್ಪನ ಪೆಟ್ಟಿಗೆಯಲ್ಲಿ ಸುತ್ತಿಟ್ಟಿದ್ದ ಹಸಿರು ಬಾವುಟಕ್ಕೆ ಇಳಿಯಿತು. ತಿಂಡಿವನದಲ್ಲಿ ಗಾಡಿ ಹೊರಡಿಸಲು ಅಪ್ಪ ಬಾವುಟ ಬೀಸಿದರೆ ಅದು ಬಿಚ್ಚಿಕೊಳ್ಳಲೇ ಇಲ್ಲ. ಡೆನಿಸ್ ಸೀಟಿಯ ಮೇಲೆ ಸೀಟಿ ಹೊಡೆದು, ಕೊನೆಗೆ ಇಳಿದು ಬಂದು, “ಮೂರ್ತಿ, ನಿನ್ನ ಬಾವುಟ ನಿನ್ನ ಊಟ ತಿಂದಿದೆ” ಎಂದನಂತೆ. ಅಮ್ಮ ಆ ಬಾವುಟವನ್ನು ಎಷ್ಟು ತಿಕ್ಕಿದರೂ ನಡುವೆ ಒಂದು ಕಂದು ಕಲೆ ನಿಂತುಬಿಟ್ಟಿತು.

ಕೆಟ್ಟದ್ದನ್ನೆಲ್ಲ ತಿಂದು ಮುಗಿಸುವ ಭಾರ ನನ್ನ ಮೇಲಿತ್ತು. ನನ್ನ ಇಂದಿನ ಆಕಾರಕ್ಕೆ ಅಡಿಪಾಯ ಬಿದ್ದದ್ದು ಆಗಲೇ. ಅಷ್ಟರಲ್ಲಿ ‘ಕ್ಯೂಬು’ ಎಂಬ ಮಾತು ನಮ್ಮ ಮನೆಯಲ್ಲಿ ಎಲ್ಲದಕ್ಕೂ ಬಳಕೆಗೆ ಬಂದಿತ್ತು. ಕುಳ್ಳಗಿದ್ದು ಗಂಟಲು ದೊಡ್ಡದಾಗಿದ್ದ ಸೋದರತ್ತೆ ಕ್ಯೂಬು. ಎದುರು ಮನೆಯಾಕೆಯ ಬಗ್ಗೆ ಅಮ್ಮ, “ಅವಳು ಕ್ಯೂಬು ಕಣೆ, ಬಿಸಿ ತಾಗಿದ್ರೆ ಬೀದಿಯೆಲ್ಲ ಸಾರು” ಎನ್ನುತ್ತಿದ್ದಳು. ನಿಘಂಟಿನಲ್ಲಿ ಈ ಅರ್ಥಗಳನ್ನು ನೀವು ಹುಡುಕಬೇಡಿ.

ದೀಪಾವಳಿ ಬಂತು, ಹೋಯಿತು. ಒಂದು ಬೆಳಿಗ್ಗೆ ಅಪ್ಪ ಡ್ಯೂಟಿಯಿಂದ ಬಂದವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮಲಗಿದರು. ನೋವು ಅಷ್ಟಿಲ್ಲ ಎಂದರು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ನಂತರ ನೇರವಾಗಿ ಚಪ್ಪಲಿ ಗೂಡಿಗೆ ಹೋಗಿ, ಕರಟ ಎತ್ತಿ, ಡೆನಿಸನ ಕ್ಯೂಬನ್ನು ಬರಿಗೈಯಲ್ಲಿ ತೆಗೆದುಕೊಂಡಳು. ಮಡಿಯುಟ್ಟರೆ ನನ್ನನ್ನೂ ಹತ್ತಿರ ಸೇರಿಸದಿದ್ದ ನನ್ನ ಅಮ್ಮ! ನಾನು ಹಿಂದೆಯೇ ಹೋದೆ. ಹಿತ್ತಿಲಲ್ಲಿ ಬಾವಿಕಟ್ಟೆಯ ಪಕ್ಕ ಕೂತು ಅವಳು ಬೆಳ್ಳಿ ಕಾಗದ ಬಿಚ್ಚಿದಳು. ಬೇಲಿಯಾಚೆ ಮಾಮಿ ಸೆರಗಿನಿಂದ ಮೂಗು ಮುಚ್ಚಿಕೊಂಡು, “ವೇಂಡಾಂಡಿ ಸಾವಿತ್ರಿ, ಮಡಿ ಪೋಯಿಡುಂ” ಎಂದರು.

“ಮಡಿ ಹೋದ್ರೆ ಸ್ನಾನ ಮಾಡಿದ್ರೆ ಬರುತ್ತೆ ಮಾಮಿ. ಅವರು ಲೈನಿಂದ ಇಳಿದ್ರೆ ಮತ್ತೆ ಹತ್ತೋಕಾಗಲ್ಲ.”

ಅಮ್ಮ ಅದನ್ನು ಉಗುರಿನಿಂದ ಮುರಿದಳು, ಬೆರಳುಗಳ ನಡುವೆ ಉಜ್ಜಿದಳು. ಅವಳ ಮುಖ ಕಿವಿಚಿಕೊಂಡಿತ್ತು, ಬೆರಳು ಮಾತ್ರ ಬಿಡಲಿಲ್ಲ. ಇದ್ದಕ್ಕಿದ್ದ ಹಾಗೆ ಹಣೆ ಚಚ್ಚಿಕೊಳ್ಳಲು ಹೋಗಿ, ಕೈ ಮೈಲಿಗೆಯೆಂದು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದಳು.

“ಜಿಡ್ಡು ಕಣೆ! ಬತ್ತಿಸಿ ಮಾಡಿದ್ದಲ್ಲ ಇದು. ಪುಡಿ ಮಾಡಿ, ಜಿಡ್ಡು ಹಾಕಿ ಒತ್ತಿದ್ದಾರೆ. ಅವರದ್ದು ಕೊಬ್ಬು, ನಮ್ಮದು ತುಪ್ಪ. ಜನ್ಮವೆಲ್ಲ ಹೆಸರಿಟ್ಟಿನ ಉಂಡೆ ಕಟ್ಟಿದೋಳು ನಾನು, ಇಷ್ಟು ಹೊಳೀಲಿಲ್ವಲ್ಲ!”

ಕ್ಯೂಬನ್ನು ದಾಸವಾಳದ ಬುಡದಲ್ಲಿ ಹೂತು, ತಲೆಗೆ ನೀರು ಹಾಕಿಕೊಂಡು ಒಳಗೆ ಬಂದವಳೇ ಹೆಸರುಬೇಳೆಯನ್ನು ಕೆಂಪಗೆ ಹುರಿದಳು. ಬೀಸಿ, ಜೀರಿಗೆ, ಶುಂಠಿ, ನೆಲ್ಲಿಕಾಯಿ ಪುಡಿ, ಸೈಂಧವ ಲವಣ ಬೆರೆಸಿ, ಬಿಸಿ ತುಪ್ಪ ಬಿಟ್ಟು ಉಂಡೆ ಕಟ್ಟಿದಳು. ಕುದಿನೀರಿಗೆ ಹಾಕಿ ಕದಡಿದರೆ ಮನೆಯೆಲ್ಲ ಘಮಘಮ. ಅಪ್ಪ ಎದ್ದು ನಿಂತು ಒಂದು ಲೋಟ ಕುಡಿದು, ಇನ್ನೊಂದು ಲೋಟ ಕೇಳಿದರು. ಆದರೆ ಉಂಡೆಗಳು ಗಾಡಿಯ ಒದೆತಕ್ಕೆ ಡಬ್ಬಿಯೊಳಗೆ ಉರುಳಾಡಿ ಪುಡಿಯಾಗುತ್ತಿದ್ದವು. ಉರುಳದ ಹಾಗೆ ಮೂಲೆ ಬೇಕು ಎಂದರು ಮಾಮಿ. ಬೆಂಕಿಪೆಟ್ಟಿಗೆಯ ಒಳಗಿನ ತಟ್ಟೆಗೆ ಎಣ್ಣೆ ಕಾಗದ ಹಾಸಿ, ಹಿಟ್ಟನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿ, ನಡುವೆ ಕೊಯ್ದು ನೋಡಿದರು. ಅಚ್ಚುಕಟ್ಟಾದ ಕ್ಯೂಬು! ಒಂದಕ್ಕೊಂದು ಒತ್ತಿಕೊಂಡು ಡಬ್ಬಿಯಲ್ಲಿ ಅಲ್ಲಾಡದೆ ಕೂತವು. ಇಂಗ್ಲಿಷರು ಕ್ಯೂಬಿಗೆ ಮೂಲೆ ಇಟ್ಟದ್ದು ಏಕೆಂದು ನಮಗೆ ಅಂದು ತಿಳಿಯಿತು.

ಆ ವಾರವೇ ಮಳೆ ಹಿಡಿಯಿತು. ಡಬ್ಬಿ ಹಿಡಿದು ಹೋದ ಅಪ್ಪ ಮರುದಿನ ಬರಬೇಕಾಗಿದ್ದವರು ಬರಲಿಲ್ಲ. ಮದುರಾಂತಕದ ಕಡೆ ಕೆರೆ ಒಡೆದು ಹಳಿಯ ಮೇಲೆ ನೀರು ಬಂದಿದೆ, ಗಾಡಿಗಳೆಲ್ಲ ಎಲ್ಲೆಲ್ಲೋ ನಿಂತಿವೆ ಎಂದು ಸ್ಟೇಷನ್ನಿನಲ್ಲಿ ಹೇಳಿದರು. ನಡುನೀರಿನಲ್ಲಿ ನೋವು ಬಂದರೆ ಯಾವ ಡಾಕ್ಟರಿದ್ದಾನೆ? ಅಮ್ಮ ಅಕ್ಕಿ ಆರಿಸುತ್ತ ಕೂತಳು; ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು. “ಡಬ್ಬಿ ಕೊಟ್ಟಿದ್ದೀನಿ” ಎಂದು ಆಗಾಗ ಯಾರಿಗೋ ಹೇಳುವ ಹಾಗೆ ಹೇಳುತ್ತಿದ್ದಳು. ನನಗೆ ಭಯವಾಗಿತ್ತು. ಅವಳಿಗೂ ಭಯವಾಗಿದೆ ಎಂಬುದು ಇನ್ನೂ ಹೆಚ್ಚಿನ ಭಯವಾಗಿತ್ತು.

ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಮಂಡಿಯವರೆಗೆ ಷರಾಯಿ ಮಡಚಿಕೊಂಡು, ಗಡ್ಡ ಬಿಟ್ಟುಕೊಂಡು ಅಪ್ಪ ಬೀದಿಯ ತುದಿಯಲ್ಲಿ ಕಾಣಿಸಿದರು. ನೆಟ್ಟಗೆ ನಡೆದು ಬರುತ್ತಿದ್ದರು. ಕೈ ಹೊಟ್ಟೆಯ ಮೇಲಿರಲಿಲ್ಲ. ಬಂದವರು ಖಾಲಿ ಡಬ್ಬಿಯನ್ನು ಅಮ್ಮನ ಮುಂದೆ ಹಿಡಿದು, “ಇನ್ನೂ ಇದ್ಯೇನೆ?” ಎಂದರು.

ಗಾಡಿ ನಿಂತುಬಿಟ್ಟಿದ್ದ ಆ ಊರಲ್ಲದ ಊರಿನಲ್ಲಿ ಮೆಣಸಿನಕಾಯಿ ಬಜ್ಜಿ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲವಂತೆ. ಅಪ್ಪ ಅದರ ಕಡೆ ತಿರುಗಿಯೂ ನೋಡದೆ, ಹಸಿವಾದಾಗಲೆಲ್ಲ ಗಾಡಿಯ ಉದ್ದಕ್ಕೂ ನಡೆದು ಎಂಜಿನ್ನಿನಿಂದ ನೀರು ಹಿಡಿದು ಕ್ಯೂಬು ಕದಡಿ ಕುಡಿದರು. ಡೆನಿಸನ ಡಬ್ಬಿ ಮುಗಿದಿತ್ತು. ಅವನಿಗೂ ಫೈರ್‌ಮನ್ನುಗಳಿಗೂ ಕೊಟ್ಟರು. ಸ್ಟೇಷನ್ ಮಾಸ್ಟರು ಕೂಡ ಲೋಟ ಹಿಡಿದು ಬಂದು ನಿಂತರಂತೆ.

“ಡೆನಿಸ್ ಕುಡಿದು ಏನಂದ?” ಅಮ್ಮ ಕೇಳಿದಳು.

“ಉಪ್ಪು ಕಮ್ಮಿ ಅಂದ.”

“ಉಪ್ಪು ಕಮ್ಮಿಯೇ!” ಎಂದು ಅಮ್ಮ ಸಿಡುಕಿ ಅಡಿಗೆಮನೆಗೆ ಹೋದವಳು ಅಲ್ಲಿ ಗೋಡೆಗೆ ಒರಗಿ ಜೋರಾಗಿ ಅತ್ತುಬಿಟ್ಟಳು. ಅಷ್ಟು ತಿಂಗಳಲ್ಲಿ ಅವಳು ಅತ್ತದ್ದು ಅದೊಂದೇ ಸಲ. ಎಂದೂ ಕೂರದ ಅಪ್ಪ ಒದ್ದೆ ಬಟ್ಟೆಯಲ್ಲೇ ಅವಳ ಪಕ್ಕ ನೆಲದ ಮೇಲೆ ಕೂತರು.

ಪೊಂಗಲ್ ಕಳೆದು ಡಾಕ್ಟರು ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ ನೋಡಿ, ಯಾವ ಔಷಧಿ ತೆಗೆದುಕೊಂಡಿರಿ ಎಂದು ಕೇಳಿದರು. “ಸ್ಟಾಕ್ ಕ್ಯೂಬ್” ಎಂದರು ಅಪ್ಪ. ಡಾಕ್ಟರು ಅಪ್ಪನ ಹಣೆಯ ಗಂಧವನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರಂತೆ. ಹೆಚ್ಚು ಕೇಳದೆ ಲೈನಿಗೆ ಹೋಗಬಹುದೆಂದು ಬರೆದುಕೊಟ್ಟರು.

ಅಂಗಡಿಯ ಪೊಟ್ಟಣವನ್ನು ನಾನು ಕೊಳ್ಳಲಿಲ್ಲ. ಉಪ್ಪು ಕೊಂಡೆ. ಅಮ್ಮನ ಕೈ ನನಗೆ ಬಂದಿಲ್ಲ, ನಾನು ಕಟ್ಟಿದ ಕ್ಯೂಬು ಇದುವರೆಗೆ ಒಂದೂ ನಿಂತಿಲ್ಲ. ಆದರೂ ಒಂದು ಬೆಂಕಿಪೆಟ್ಟಿಗೆಯನ್ನೂ ಕೊಂಡೆ. ನಿಲ್ಲುವ ತನಕ ಕಟ್ಟುತ್ತೇನೆ. ದಾರಿಯುದ್ದಕ್ಕೂ ಪೊಟ್ಟಣದ ಮೂಲೆಯ ಆ ಹಸಿರು ಚುಕ್ಕಿ ಕಣ್ಣಿಗೆ ಕಟ್ಟಿದ ಹಾಗಿತ್ತು. ಅದರ ಜೊತೆಗೆ ಇನ್ನೊಂದು ಹಸಿರೂ ನೆನಪಾಯಿತು.

ಅಪ್ಪ ನಿವೃತ್ತರಾದದ್ದು ಆ ದಶಕ ಮುಗಿಯುವ ಮುಂಚೆ, ಕೊನೆಯ ದಿನದವರೆಗೂ ಗಾರ್ಡಾಗಿಯೇ. ಕೊನೆಯ ಗಾಡಿ ಮಾಂಬಲಂ ಸ್ಟೇಷನ್ನಿನಲ್ಲಿ ನಿಲ್ಲದೆ ಹಾದುಹೋಗುತ್ತದೆಂದು ಗೊತ್ತಿದ್ದರೂ ಅಮ್ಮ, ಮಾಮಿ, ನಾನು ಪ್ಲಾಟ್‌ಫಾರಂನ ತುದಿಯಲ್ಲಿ ಹೋಗಿ ನಿಂತೆವು. ಡಬ್ಬಿಗಳೆಲ್ಲ ದಡದಡನೆ ದಾಟಿದವು. ಕೊನೆಯ ಡಬ್ಬಿಯ ಜಗಲಿಯಲ್ಲಿ ಅಪ್ಪ ನಿಂತಿದ್ದರು. ಅಲ್ಲಿ ಬಾವುಟ ತೋರಿಸುವ ಅಗತ್ಯವೇ ಇರಲಿಲ್ಲ. ಆದರೂ ಅಮ್ಮನನ್ನು ಕಂಡದ್ದೇ ಹಸಿರು ಬಾವುಟವನ್ನು ಪೂರ್ತಿ ಬಿಚ್ಚಿ, ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಬೀಸುತ್ತಲೇ ಇದ್ದರು. ಮಾಮಿ ಕಣ್ಣೊರೆಸಿಕೊಂಡರು. ಅಮ್ಮ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

“ಕಲೆ ಇನ್ನೂ ಹೋಗಿಲ್ಲ ನೋಡು,” ಎಂದಳು.